ಅಕ್ಕಿ ಡ್ರಮ್ಮಿನಲ್ಲಿದ್ದ ದುಡ್ಡು

ಸೋಮವಾರಪೇಟೆ ಕಡೆ ನಮ್ಮ ದೊಡ್ಡಮ್ಮ ಅಕ್ಕಿ ಡ್ರಮ್ಮಲ್ಲಿ ದುಡ್ಡು ಇಡ್ತಿದ್ರು ಅಂತ 2016ರ ನವೆಂಬರ್ ತನಕ ಮನೇಲಿ ಯಾರಿಗೂ ಗೊತ್ತಿರ್ಲಿಲ್ಲ. 8ನೇ ತಾರೀಕು ರಾತ್ರಿ 500, 1000ದ ನೋಟು ಇನ್ನು ನಡೆಯಲ್ಲ ಅಂತ ಟಿವೀಲಿ ಬಂತಲ್ಲ, ಮಾರನೇ ದಿನ ಬೆಳಿಗ್ಗೆ ಪ್ಲಾಸ್ಟಿಕ್ ಕವರಲ್ಲಿ ಸುತ್ತಿದ ನೋಟೆಲ್ಲ ತಂದು ದೊಡ್ಡಪ್ಪನ ಮುಂದೆ ಇಟ್ರು, ಮುಖ ಮಾತ್ರ ಏನೋ ಕದ್ದು ಸಿಕ್ಕಿಬಿದ್ದವರ ಥರ. ಮೊಟ್ಟೆ ಮಾರಿದ್ದು, ಡೈರಿಗೆ ಹಾಲು ಹಾಕಿದ್ದು, ಸಂತೆಗೆ ಹಸಿಮೆಣಸು ಕೊಟ್ಟಿದ್ದು, ಎಲ್ಲಾ ಅವರದೇ ದುಡಿಮೆ. ದೊಡ್ಡಪ್ಪ ಬೈಲಿಲ್ಲ, "ನಂಗೊಂದು ಮಾತು ಹೇಳ್ಬಾರ್ದಿತ್ತಾ" ಅಂದ್ರು ಅಷ್ಟೇ. ಸ್ವಂತ ದುಡ್ಡು ತೋರಿಸೋಕೆ ದೊಡ್ಡಮ್ಮ ಯಾಕೆ ಅಷ್ಟು ಕುಗ್ಗಿದ್ರು ಅನ್ನೋದು ಮಾತ್ರ ನನ್ನ ತಲೆಯಿಂದ ಹೋಗ್ಲೇ ಇಲ್ಲ.

ಇದನ್ನೇ ಹಿಡ್ಕೊಂಡು ವರ್ಷಗಟ್ಟಲೆ ಕೆಲಸ ಮಾಡಿದ ಸಮಾಜಶಾಸ್ತ್ರಜ್ಞೆ ಒಬ್ರಿದ್ದಾರೆ, ವಿವಿಯಾನಾ ಜೆಲಿಜರ್ ಅಂತ, ಅಮೆರಿಕದ ಪ್ರಿನ್ಸ್‌ಟನ್ ಯೂನಿವರ್ಸಿಟಿಯವರು. ಎಲ್ಲಾ ರೂಪಾಯಿನೂ ಒಂದೇ ಅಂತ ಅರ್ಥಶಾಸ್ತ್ರ ಹೇಳುತ್ತೆ, ಆದ್ರೆ ಜನ ಬಾಳೋದು ಹಾಗಲ್ಲ, ಪ್ರತಿ ದುಡ್ಡಿಗೂ ಒಂದು ಗುರುತು ಕಟ್ಟಿಬಿಡ್ತಾರೆ ಅಂತ ಅವರ ವಾದ. 1870ರಿಂದ 1930ರ ತನಕದ ಅಮೆರಿಕದ ಮನೆಗಳ ಕಥೆ ಕೆದಕಿ 1994ರಲ್ಲಿ ಇದನ್ನ ಬರೆದ್ರು. ಆ ಕಾಲದಲ್ಲಿ ಮನೆಖರ್ಚಿಗೆ ಕೊಟ್ಟಿದ್ರಲ್ಲಿ ಹೆಂಡತಿ ನಾಕು ಕಾಸು ಉಳಿಸಿದ್ರೂ ಕಾನೂನಿನ ಲೆಕ್ಕದಲ್ಲಿ ಅದು ಗಂಡನದೇ. ಹಾಗಾಗಿ ರಾತ್ರಿ ಗಂಡನ ಜೇಬು ತಡಕಾಡೋದು ಮಾಮೂಲಿ ಆಗಿತ್ತು. ಬಫಲೋ ಅನ್ನೋ ಊರಲ್ಲಿ ಒಬ್ಬ ಪ್ಯಾಂಟಿನ ಜೇಬಿಗೆ ಸಣ್ಣ ಇಲಿಬೋನು ಇಟ್ಟು ಮಲಗಿದ, ಹೆಂಡತಿ ಕೈ ಸಿಕ್ಕಿಹಾಕ್ಕೊಂಡು ಆಕೆ ಕೋರ್ಟಿಗೆ ಹೋದ್ರೆ ಜಡ್ಜು ಚಿಲ್ಲರೆ ಕಾಪಾಡ್ಕೊಳ್ಳೋದು ಗಂಡನ ಹಕ್ಕು ಅಂದ್ಬಿಟ್ರು! ಇದನ್ನ ಓದಿದಾಗ ನಂಗೆ ದೊಡ್ಡಮ್ಮನ ಮುಖವೇ ಕಣ್ಮುಂದೆ ಬಂತು.

ನಮ್ಮ ಕಡೆ ನೋಡಿ. ಕಾಫಿ ದುಡ್ಡು ವರ್ಷಕ್ಕೊಂದ್ಸಲ ದೊಡ್ಡದಾಗಿ ಬರುತ್ತೆ, ಅದು ಯಜಮಾನ್ರ ದುಡ್ಡು, ಬ್ಯಾಂಕ್ ಸಾಲ, ಗೊಬ್ಬರ, ಜೀಪು, ಮದುವೆ ಎಲ್ಲಾ ಅದರಲ್ಲೇ. ಮೊಟ್ಟೆ, ಹಾಲು, ಹೂವಿನ ಗಿಡ, ಮನೇಲಿ ಮಾಡಿದ ವೈನು, ಇದೆಲ್ಲ "ಅವಳ ಕೈಖರ್ಚು". ಮಕ್ಕಳ ಪುಸ್ತಕ, ನೆಂಟರು ಬಂದಾಗ ಚಿಕನ್ನು, ಸಣ್ಣಪುಟ್ಟ ಔಷಧಿ ಆ ಕೈಖರ್ಚಿಂದಲೇ ಹೋಗೋದು, ವರ್ಷವಿಡೀ ಮನೆ ನಡೆಸಿದ್ದು ಅದೇ ಆದ್ರೂ ಹೆಸರು ಮಾತ್ರ ಚಿಲ್ಲರೆ.

ಜಾನ್ ಪಾಲ್ ಅಂತ ಇನ್ನೊಬ್ರು, ಇವರೂ ಹೆಂಗಸೇ, ಬ್ರಿಟನ್ನಿನವರು. ಗಂಡನ ಹೊಡೆತ ತಾಳಲಾರದೆ ಆಶ್ರಯಕೇಂದ್ರಕ್ಕೆ ಬಂದ ಹೆಂಗಸರನ್ನ ಮಾತಾಡಿಸ್ತಿದ್ದಾಗ ಕೆಲವರು ಒಂದು ವಿಚಿತ್ರ ಮಾತು ಹೇಳಿದ್ರಂತೆ, ಸರ್ಕಾರ ಕೊಡೋದು ಕಮ್ಮಿ, ಆದ್ರೂ ಗಂಡನ ಜೊತೆ ಇದ್ದಾಗಿಗಿಂತ ಈಗಲೇ ವಾಸಿ ಅಂತ. ಮನೆಗೆ ಸಂಬಳ ಚೆನ್ನಾಗೇ ಬರ್ತಿತ್ತು, ಇವರ ಕೈಗೆ ಬರ್ತಿರ್ಲಿಲ್ಲ. ಆಮೇಲೆ ಅವರು ಕೆಂಟ್ ಜಿಲ್ಲೇಲಿ ಮಕ್ಕಳಿರೋ 102 ದಂಪತಿಗಳನ್ನ ಮೊದಲು ಒಟ್ಟಿಗೆ ಕೂರಿಸಿ, ಆಮೇಲೆ ಬೇರೆಬೇರೆಯಾಗಿ ಮಾತಾಡಿಸಿದ್ರು. ಈ ಬೇರೆಬೇರೆ ಕೂರಿಸಿದ್ದೇ ದೊಡ್ಡ ವಿಷಯ ಅನ್ಸುತ್ತೆ ನಂಗೆ, ಯಾಕಂದ್ರೆ ಸೆನ್ಸಸ್‌ನೋರು ಬಂದಾಗ ನಮ್ಮನೇಲೂ ವರಾಂಡದಲ್ಲಿ ಉತ್ತರ ಹೇಳೋದು ಒಬ್ರೇ, ಒಳಗೆ ಕಾಫಿ ಕಾಯಿಸ್ತಿರೋರನ್ನ ಯಾರೂ ಕೇಳಲ್ಲ.

ಗೃಹಲಕ್ಷ್ಮಿ ಬಂದಾಗ, ಅಂದ್ರೆ 2023ರ ಆಗಸ್ಟ್‌ನಲ್ಲಿ, ನಮ್ಮೂರ ಅಂಗಡಿ ಕಟ್ಟೇಲಿ ಒಂದೇ ಮಾತು, 2,000 ಯಾರ ಅಕೌಂಟಿಗೆ ಹಾಕಿದ್ರೇನು, ಬರೋದು ಅದೇ ಮನೆಗಲ್ವಾ ಅಂತ. ಇದನ್ನ ಪರೀಕ್ಷೆ ಮಾಡಿದಂಥ ಸಂದರ್ಭ ಬ್ರಿಟನ್ನಲ್ಲಿ ಆಗ್ಲೇ ಆಗಿಹೋಗಿದೆ. ಅಲ್ಲಿ ಮಕ್ಕಳಿಗಾಗಿ ಕೊಡ್ತಿದ್ದ ಸವಲತ್ತಿನ ಒಂದು ಭಾಗ ಮುಂಚೆ ಅಪ್ಪನ ಟ್ಯಾಕ್ಸಲ್ಲಿ ಕಡಿತವಾಗಿ ಸಿಗ್ತಿತ್ತು, 1970ರ ದಶಕದ ಕೊನೇಲಿ ಅದನ್ನ ನಿಲ್ಲಿಸಿ ನೇರ ಅಮ್ಮನ ಕೈಗೆ ಕೊಡೋಕೆ ಶುರು ಮಾಡಿದ್ರು. ಲುಂಡ್‌ಬರ್ಗ್, ಪೊಲ್ಲಾಕ್, ವೇಲ್ಸ್ ಅನ್ನೋ ಮೂವರು ಅರ್ಥಶಾಸ್ತ್ರಜ್ಞರು ಮನೆಖರ್ಚಿನ ಲೆಕ್ಕ ತೆಗೆದು 1997ರಲ್ಲಿ ತೋರಿಸಿದ್ರು, ಗಂಡಸರ ಬಟ್ಟೆಗೆ ಹೋಲಿಸಿದ್ರೆ ಹೆಂಗಸರ, ಮಕ್ಕಳ ಬಟ್ಟೆಗೆ ಹೋಗೋ ದುಡ್ಡು ಜಾಸ್ತಿ ಆಗಿತ್ತು. ಹಾಗಾದ್ರೆ ಯಾರ ಕೈಗೆ ಬಂತು ಅನ್ನೋದರ ಮೇಲೆ ಖರ್ಚಿನ ದಾರಿನೇ ಬದಲಾಗುತ್ತೆ ಅಂತಾಯ್ತು.

ಆದ್ರೆ ತಿಂಗಳ ದುಡ್ಡಷ್ಟೇ ಸಾಲದು. ನಮ್ಮ ಪಕ್ಕದ ಕೇರಳದಲ್ಲಿ, ತಿರುವನಂತಪುರ ಜಿಲ್ಲೇಲಿ, ಪ್ರದೀಪ್ ಪಾಂಡಾ ಮತ್ತು ಬೀನಾ ಅಗರ್‌ವಾಲ್ ಮಾಡಿದ ಅಧ್ಯಯನ 2005ರಲ್ಲಿ ಬಂತು. ಜಮೀನು, ಮನೆ ಎರಡೂ ತನ್ನ ಹೆಸರಲ್ಲಿ ಇಲ್ಲದ ಹೆಂಗಸರಲ್ಲಿ 49 ಪರ್ಸೆಂಟ್ ಗಂಡನಿಂದ ಹೊಡೆತ ತಿಂದೋರು, ಎರಡೂ ಇದ್ದೋರಲ್ಲಿ 7 ಪರ್ಸೆಂಟ್. ಎದ್ದು ಹೋಗೋಕೆ ಒಂದು ಬಾಗಿಲಿದೆ ಅಂತ ಗಂಡನಿಗೆ ಗೊತ್ತಿದ್ರೆ ಕೈ ಎತ್ತೋದೂ ಕಮ್ಮಿ. ಕೊಡಗಲ್ಲಿ ಎಷ್ಟು ತೋಟದ ಪಹಣೀಲಿ ಹೆಂಗಸರ ಹೆಸರಿದೆ ಅಂತ ಅವರವರ ಮನೆ ಫೈಲು ತೆಗೆದು ನೋಡ್ಕೊಳ್ಳಿ, ನಾನು ನಮ್ಮನೇದು ನೋಡಿದೆ, ಒಂದರಲ್ಲೂ ಇರ್ಲಿಲ್ಲ.

ನಮ್ಮ ತೋಟದಲ್ಲಿ ಕೆಜಿ ಲೆಕ್ಕದಲ್ಲಿ ಹಣ್ಣು ಕುಯ್ಯೋಕೆ ಬರೋ ಗಂಡ ಹೆಂಡತಿ ಇಬ್ಬರದ್ದೂ ಒಂದೇ ಮೂಟೆ, ತೂಕ ಬರೀತಿದ್ದಿದ್ದು ಗಂಡನ ಹೆಸರಿಗೆ, ಬಟವಾಡೆ ದಿನ ದುಡ್ಡೂ ಅವನ ಕೈಗೇ. ಹೋದ ಸಲದ ಕುಯ್ಲಿಂದ ನಾವು ಬೇರೆಬೇರೆ ತೂಕ ಹಾಕಿ ಬೇರೆಬೇರೆ ಕೊಡ್ತಿದೀವಿ. ಮೊದಲನೇ ವಾರ ಒಬ್ಬ ಅಕ್ಕ ನೋಟು ಎಣಿಸಿ, ತಿರುಗಾ ಎಣಿಸಿ, "ಇಷ್ಟು ನಾನೇ ಕುಯ್ದಿದ್ದಾ ಅಣ್ಣಾ?" ಅಂತ ಕೇಳಿದ್ರು. ಬುಕ್ಕು ತೋರಿಸ್ದೆ. ಗಂಡನಿಗಿಂತ ಹನ್ನೊಂದು ಕೆಜಿ ಜಾಸ್ತಿ ಇತ್ತು.