ಸ್ಟಿರಾಯ್ಡ್ ಇಂಜೆಕ್ಷನ್ ಆದ ಮೇಲೆ ಬಿಳಿ ಕಣ ಏರಿದರೆ

"ಡಾಕ್ಟ್ರೇ, ಬಿಳಿ ಕಣ ಹದಿನಾರು ಸಾವಿರ ಬಂದಾವ, ರಕ್ತದಾಗ ನಂಜು ಆಗೇತೇನ್ರಿ?" ಕುಷ್ಟಗಿ, ಗಂಗಾವತಿ ಕಡೆಯಿಂದ ಕೊಪ್ಪಳಕ್ಕೆ ಬರುವ ಗರ್ಭಿಣಿಯರ ಮನೆಯವರು ರಿಪೋರ್ಟ್ ಹಿಡಿದು ಹೀಗೆ ಕೇಳುತ್ತಾರೆ. ನಾನು ತಿರುಗಿ ಕೇಳುವುದು: ಸ್ಟಿರಾಯ್ಡ್ ಇಂಜೆಕ್ಷನ್ ಎಷ್ಟು ಹೊತ್ತಿಗೆ ಕೊಟ್ಟರು?

ದಿನ ತುಂಬುವ ಮೊದಲೇ ಹೆರಿಗೆ ಆಗುವ ಸೂಚನೆ ಇದ್ದರೆ, ಮಗುವಿನ ಶ್ವಾಸಕೋಶ ಬೇಗ ಬಲಿಯಲಿ ಎಂದು ಈ ಇಂಜೆಕ್ಷನ್ ಕೊಡುತ್ತೇವೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಡೆಕ್ಸಾಮೆಥಸೋನ್, 24ರಿಂದ 34 ವಾರದ ನಡುವೆ. 6 ಮಿಲಿಗ್ರಾಂನಂತೆ 12 ಗಂಟೆಗೊಮ್ಮೆ, ಒಟ್ಟು 4 ಸಲ. ಮೊದಲನೆಯದನ್ನು ಕೊಟ್ಟೇ ದೊಡ್ಡ ಆಸ್ಪತ್ರೆಗೆ ಕಳಿಸುವುದು ಒಳ್ಳೆಯ ಪದ್ಧತಿ. ಆದರೆ ಕೊಟ್ಟ ಹೊತ್ತನ್ನು ಚೀಟಿಯಲ್ಲಿ ಬರೆಯುವುದೇ ಇಲ್ಲ! ತಾಯಿ ಕಾರ್ಡ್‌ನಲ್ಲಾದರೂ ಬರೆಸಿಕೊಳ್ಳಿ.

ಬಿಳಿ ಕಣಗಳಲ್ಲಿ ನ್ಯೂಟ್ರೋಫಿಲ್‌ಗಳೇ ಜಾಸ್ತಿ. ರಕ್ತನಾಳದೊಳಗಿನ ಇವುಗಳಲ್ಲಿ ಸುಮಾರು ಅರ್ಧ ನಾಳದ ಗೋಡೆಗೆ ಅಂಟಿಕೊಂಡಿರುತ್ತವೆ, ಸಿರಿಂಜಿಗೆ ಸಿಗುವುದಿಲ್ಲ. ಸ್ಟಿರಾಯ್ಡ್ ಬಿದ್ದರೆ ಹಿಡಿತ ಬಿಟ್ಟು ಹರಿಯುವ ರಕ್ತಕ್ಕೆ ಇಳಿಯುತ್ತವೆ. ಕಟ್ಟೆ ಮೇಲೆ ಕೂತವರೆಲ್ಲ ರಸ್ತೆಗಿಳಿದರೆ ಊರಿನ ಜನ ಹೆಚ್ಚಾದಂತಲ್ಲ, ಅಲ್ವಾ? ಕಣ ಹುಟ್ಟುವ ಮೂಳೆ ಮಜ್ಜೆಯಿಂದಲೂ ಒಂದಷ್ಟು ಬರುತ್ತವೆ, ನಿಜ. ಅದೇ ಹೊತ್ತಿಗೆ ಇನ್ನೊಂದು ಬಗೆಯ ಬಿಳಿ ಕಣವಾದ ಲಿಂಫೋಸೈಟ್ ಇಳಿಯುತ್ತದೆ. ಒಟ್ಟು ಬಿಳಿ ಕಣದ ಲೆಕ್ಕ ಮೊದಲ 24 ಗಂಟೆಯಲ್ಲಿ ಸುಮಾರು ಶೇ. 30ರಷ್ಟು ಏರಿ, ಮೂರ್ನಾಲ್ಕು ದಿನದಲ್ಲಿ ಮೊದಲಿನ ಮಟ್ಟಕ್ಕೆ ಬರುತ್ತದೆ. ಬಸುರಿಯರಲ್ಲಿ ಬಿಳಿ ಕಣ ಮೊದಲೇ ಜಾಸ್ತಿ. ನೋವು ಶುರುವಾದರೆ ಇನ್ನೂ ಏರುತ್ತದೆ. ಲ್ಯಾಬ್ ರಿಪೋರ್ಟಿನಲ್ಲಿ ಅಚ್ಚಾದ 11,000ದ ಗಡಿ ಇವರಿಗೆ ಹೊಂದುವುದೇ ಇಲ್ಲ.

ಹಿಮೋಗ್ಲೋಬಿನ್ ವಿಷಯ ಬೇರೆ. ಅದು 8 ಇದ್ದರೆ ರಕ್ತಹೀನತೆಯೇ, ಸುಮ್ನೆ ಇಂಜೆಕ್ಷನ್ ಮೇಲೆ ಹಾಕಬೇಡಿ.

ಹಾಗಂತ ಏರಿದ್ದನ್ನೆಲ್ಲ ಸ್ಟಿರಾಯ್ಡ್ ಲೆಕ್ಕಕ್ಕೆ ಬರೆಯುವುದು ಇನ್ನೂ ಅಪಾಯ. ಅದರಲ್ಲೂ ನೀರು ಒಡೆದು ಗಂಟೆಗಳಾದವರಲ್ಲಿ. 100.4 ಡಿಗ್ರಿ ದಾಟಿದ ಜ್ವರ, ವಾಸನೆಯ ಸ್ರಾವ, ಮುಟ್ಟಿದರೆ ನೋಯುವ ಹೊಟ್ಟೆ, ತಾಯಿಯ ನಾಡಿ ಅಥವಾ ಮಗುವಿನ ಎದೆಬಡಿತದ ಓಟ: ಇವುಗಳ ಮುಂದೆ ಕಣದ ಲೆಕ್ಕ ಎರಡನೆಯದು. ಜ್ವರ ಇಲ್ಲದಿದ್ದರೂ ಲೆಕ್ಕ 20,000 ದಾಟಿದರೆ ಅಥವಾ ಮೂರನೇ ದಿನವೂ ಇಳಿಯದೆ ಏರುತ್ತಲೇ ಇದ್ದರೆ ನಾನು ಸೋಂಕನ್ನು ಹುಡುಕುತ್ತೇನೆ.

ಬಿಳಿ ಕಣದ ಗದ್ದಲದಲ್ಲಿ ಮರೆತುಹೋಗುವುದು ಸಕ್ಕರೆ. ಇಂಜೆಕ್ಷನ್ ಆದ ಅರ್ಧ ದಿನಕ್ಕೆಲ್ಲ ಏರಲು ಶುರುವಾಗಿ, ಐದು ದಿನದವರೆಗೂ ಮೇಲೇ ಇರಬಹುದು. ಮೊದಲೇ ಸಕ್ಕರೆ ಕಾಯಿಲೆ ಇರುವವರಿಗೆ ಆ ದಿನಗಳಲ್ಲಿ ಇನ್ಸುಲಿನ್ ಜಾಸ್ತಿ ಬೇಕಾಗುತ್ತದೆ.