ಸರ್ಕಾರ ಆನ್‌ಲೈನ್‌ನಲ್ಲಿ ಅಭಿಪ್ರಾಯ ಕೇಳುತ್ತದೆ, ಕಳಿಸಿದ್ದನ್ನು ಓದುವವರು ಇದ್ದಾರಾ?

ಓದುಗರ ಪ್ರಶ್ನೆ: ಯಾವುದಾದರೂ ಕರಡು ನಿಯಮ ಹೊರಬಿದ್ದರೆ ಸಾಕು, ವಾಟ್ಸ್ಆ್ಯಪ್‌ನಲ್ಲಿ ಲಿಂಕ್ ಓಡಾಡುತ್ತದೆ, ‘ಇಂಥ ದಿನದೊಳಗೆ ಆಕ್ಷೇಪಣೆ ಕಳಿಸಿ’ ಅಂತ. ನಾನೂ ಕಳಿಸಿದ್ದೇನೆ. ಇದನ್ನೆಲ್ಲ ಯಾರಾದರೂ ಓದುತ್ತಾರಾ, ಇಲ್ಲ ಸುಮ್ನೆ ಶಾಸ್ತ್ರಕ್ಕೆ ಕೇಳುತ್ತಾರಾ?

ಎರಡೂ ಇದೆ. ಓದಲೇಬೇಕಾದ ಕಡೆ ಇದೆ, ಓದದಿದ್ದರೂ ನಡೆಯುವ ಕಡೆಯೂ ಇದೆ. ನಮ್ಮ ಕಣ್ಣಿಗೆ ಮಾತ್ರ ಎರಡೂ ಒಂದೇ ಥರ ಕಾಣುತ್ತವೆ. ಒಂದು ಪಿಡಿಎಫ್, ಒಂದು ಇಮೇಲ್ ವಿಳಾಸ, ಒಂದು ಕೊನೇ ದಿನಾಂಕ. ವ್ಯತ್ಯಾಸ ಇರುವುದು ಅದರ ಹಿಂದಿರುವ ಕಾನೂನಿನಲ್ಲಿ.

ಕೆಲವು ಕಾಯ್ದೆಗಳು ‘ನಿಯಮ ಮಾಡುವ ಮುಂಚೆ ಕರಡು ಪ್ರಕಟಿಸಿ’ ಎಂದೇ ಹೇಳುತ್ತವೆ. ಹಾಗಿದ್ದಲ್ಲಿ 1897ರ ಜನರಲ್ ಕ್ಲಾಸಸ್ ಆ್ಯಕ್ಟ್‌ನ 23ನೇ ಸೆಕ್ಷನ್ ಅನ್ವಯಿಸುತ್ತದೆ. ಹೇಳಿದ ದಿನದೊಳಗೆ ಬಂದ ಆಕ್ಷೇಪಣೆ, ಸಲಹೆಗಳನ್ನು ಪರಿಗಣಿಸಲೇಬೇಕು. ಒಪ್ಪಬೇಕು ಅಂತೇನಿಲ್ಲ. ಆದರೆ ನೋಡದೆ ಬದಿಗಿಟ್ಟರೆ ಕೋರ್ಟಿನಲ್ಲಿ ಪ್ರಶ್ನಿಸಲು ದಾರಿ ಇದೆ. ಹೊಸ ಮಸೂದೆಗಳ ಕತೆ ಬೇರೆ. ಕರಡನ್ನು ಕನಿಷ್ಠ 30 ದಿನ ಜನರ ಮುಂದಿಡಬೇಕು ಅಂತ ಕೇಂದ್ರ ಸರ್ಕಾರ 2014ರಲ್ಲಿ ಒಂದು ನೀತಿ ಮಾಡಿಕೊಂಡಿತು. ನೀತಿ ಅಂದರೆ ನೀತಿ ಅಷ್ಟೇ, ಕಾನೂನಲ್ಲ. ಅದೇ ವರ್ಷ ಜುಲೈನಲ್ಲಿ ಶುರುವಾದ, ಜನರ ಅಭಿಪ್ರಾಯ ಕೇಳುವ ಕೇಂದ್ರ ಸರ್ಕಾರದ ಮೈಗವ್ ತಾಣದಲ್ಲಂತೂ ಲೋಗೊ ಸ್ಪರ್ಧೆ, ಕ್ವಿಜ್, ಕರಡು ನಿಯಮ ಎಲ್ಲವೂ ಅಕ್ಕಪಕ್ಕದಲ್ಲೇ ಸಿಗುತ್ತವೆ. ಯಾವುದಕ್ಕೆ ಎಷ್ಟು ತೂಕ ಅಂತ ನಾವೇ ಅಳೆದುಕೊಳ್ಳಬೇಕು.

ಸರಿಯಾಗಿ ನಡೆದರೆ ಹೇಗಿರುತ್ತದೆ ಅನ್ನುವುದಕ್ಕೆ ಟ್ರಾಯ್ ನೋಡಿ, ನಮ್ಮ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ. ಪಾರದರ್ಶಕವಾಗಿ ಕೆಲಸ ಮಾಡಬೇಕು ಅಂತ ಅದರ ಕಾಯ್ದೆಯಲ್ಲೇ ಬರೆದಿದೆ. ಹಾಗಾಗಿ ಮೊದಲು ಪ್ರಶ್ನೆಗಳ ಸಮೇತ ಸಮಾಲೋಚನಾ ಪತ್ರ ಹೊರಡಿಸುತ್ತದೆ. ಬಂದ ಉತ್ತರಗಳನ್ನು ವೆಬ್‌ಸೈಟಿಗೆ ಹಾಕುತ್ತದೆ. ಆ ಉತ್ತರಗಳಿಗೆ ಮತ್ತೆ ಪ್ರತಿ-ಉತ್ತರ ಕೇಳುತ್ತದೆ. ಕೊನೆಗೆ ಏನು ತೀರ್ಮಾನಿಸಿತು, ಯಾಕೆ ಅಂತ ಬರೆಯುತ್ತದೆ.

2015ರ ಮಾರ್ಚ್‌ನಲ್ಲಿ ವಾಟ್ಸ್ಆ್ಯಪ್, ಸ್ಕೈಪ್‌ನಂಥ ಸೇವೆಗಳ ಬಗ್ಗೆ ಟ್ರಾಯ್ ಇಂಥದ್ದೊಂದು ಪತ್ರ ಹೊರಡಿಸಿದಾಗ, ನೆಟ್ ನ್ಯೂಟ್ರಾಲಿಟಿ (ಎಲ್ಲ ಸೈಟು, ಆ್ಯಪ್‌ಗಳನ್ನೂ ಇಂಟರ್ನೆಟ್ ಕಂಪನಿಗಳು ಸಮಾನವಾಗಿ ನೋಡಬೇಕು ಅನ್ನುವ ತತ್ವ) ಉಳಿಸಿ ಅಂತ 10 ಲಕ್ಷಕ್ಕೂ ಹೆಚ್ಚು ಇಮೇಲ್ ಹೋದವು. ಟ್ರಾಯ್ ಅವನ್ನೆಲ್ಲ, ಕಳಿಸಿದವರ ಇಮೇಲ್ ವಿಳಾಸದ ಸಮೇತ, ವೆಬ್‌ಸೈಟಿಗೆ ಹಾಕಿಬಿಟ್ಟಿತು! ಪಾರದರ್ಶಕತೆ ಅಂದರೆ ಇದಲ್ಲ. ಆದರೆ ನೀವು ತಿಳಿದಿರಬೇಕಾದ ವಿಷಯ: ಇಂಥ ಕಡೆ ಕಳಿಸಿದ್ದು ಖಾಸಗಿಯಾಗಿ ಉಳಿಯುತ್ತದೆ ಅಂತ ಅಂದುಕೊಳ್ಳಬೇಡಿ. ಫೋನ್ ನಂಬರ್, ಮನೆ ವಿಳಾಸ ಕೇಳದೆ ಇದ್ದರೆ ಬರೆಯಲೇಬೇಡಿ.

ಅದೇ ಡಿಸೆಂಬರ್‌ನಲ್ಲಿ ಡೇಟಾ ದರದ ಬಗ್ಗೆ ಇನ್ನೊಂದು ಪತ್ರ ಬಂತು. ಕೇಳಿದ್ದು ನಾಲ್ಕೇ ಪ್ರಶ್ನೆ. ಆಗ ಫೇಸ್‌ಬುಕ್, ಆಯ್ದ ಕೆಲವು ಸೈಟುಗಳನ್ನು ಮಾತ್ರ ಉಚಿತವಾಗಿ ಕೊಡುವ ತನ್ನ ಫ್ರೀ ಬೇಸಿಕ್ಸ್ ಯೋಜನೆಯ ಪರವಾಗಿ, ಬಳಕೆದಾರರ ಕೈಯಿಂದ ಸಿದ್ಧ ಸಂದೇಶಗಳನ್ನು ಲಕ್ಷಗಟ್ಟಲೆ ಕಳಿಸುವಂತೆ ಮಾಡಿತು. ಇವು ನಾವು ಕೇಳಿದ ಪ್ರಶ್ನೆಗಳಿಗೆ ಉತ್ತರವೇ ಅಲ್ಲ ಅಂತ ಟ್ರಾಯ್ ಫೇಸ್‌ಬುಕ್‌ಗೇ ಬರೆಯಿತು. 2016ರ ಫೆಬ್ರುವರಿ 8ರಂದು ಬಂದ ನಿಯಮ, ತೆರೆಯುವ ಸೈಟಿನ ಮೇಲೆ ಬೇರೆ ಬೇರೆ ದರ ಹಾಕುವುದನ್ನೇ ನಿಷೇಧಿಸಿತು. ಇದು ಓಟು ಎಣಿಸುವ ಕೆಲಸ ಅಲ್ಲ ಅನ್ನುವುದು ಅಲ್ಲಿ ಸ್ಪಷ್ಟವಾಯಿತು. ಫಾರ್ವರ್ಡ್ ಬಂದ ಸಂದೇಶವನ್ನು ಹಾಗೇ ಕಾಪಿ ಮಾಡಿ ಕಳಿಸುವವರು ಇದನ್ನು ನೆನಪಿಡಬೇಕು, ಅಲ್ವಾ?

ಇನ್ನು ನಮ್ಮ ಹತ್ತಿರದ ಕತೆ. 2020ರ ಪರಿಸರ ಪರಿಣಾಮ ಅಂದಾಜು ಕರಡು, ಜನ ಇಐಎ ಅಂತ ಕರೆದದ್ದು. ಗಣಿ, ಕಾರ್ಖಾನೆಯಂಥ ಯೋಜನೆಗಳಿಗೆ ಪರಿಸರ ಅನುಮತಿ ಕೊಡುವ ನಿಯಮಗಳ ಕರಡು ಅದು. ಲಾಕ್‌ಡೌನ್ ಹೊತ್ತಿನಲ್ಲಿ ಬಂತು, ಅದೂ ಇಂಗ್ಲಿಷ್, ಹಿಂದಿಯಲ್ಲಿ. ಪಶ್ಚಿಮಘಟ್ಟದ ಅಂಚಿನ ಹಳ್ಳಿಯವರು ಅದನ್ನು ಓದುವುದು ಹೇಗೆ? ದೆಹಲಿ ಹೈಕೋರ್ಟ್ ಕೊನೇ ದಿನಾಂಕವನ್ನು ಆಗಸ್ಟ್ 11ಕ್ಕೆ ಮುಂದೂಡಿತು, ಸಂವಿಧಾನದ 8ನೇ ಪರಿಚ್ಛೇದದ ಭಾಷೆಗಳಿಗೆ ಅನುವಾದಿಸಿ ಅಂದಿತು. ಸ್ಥಳೀಯ ಭಾಷೆಯಲ್ಲಿ ಸಾಕಷ್ಟು ಪ್ರಚಾರ ಆಗಿಲ್ಲ ಎಂಬ ಕಾರಣಕ್ಕೆ, ಅಂತಿಮ ಅಧಿಸೂಚನೆ ಹೊರಡಿಸದಂತೆ ಕರ್ನಾಟಕ ಹೈಕೋರ್ಟ್ ಆಗಸ್ಟ್‌ನಲ್ಲಿ ಮಧ್ಯಂತರ ತಡೆ ಕೊಟ್ಟಿತು. ಲಕ್ಷಾಂತರ ಆಕ್ಷೇಪಣೆಗಳು ಬಂದ ಆ ಕರಡು ಅದೇ ರೂಪದಲ್ಲಿ ಅಂತಿಮ ಆಗಲೇ ಇಲ್ಲ. ಹಾಗಂತ ಜನ ಗೆದ್ದರು ಅನ್ನಲು ನನಗೆ ಧೈರ್ಯ ಸಾಲದು. ಮುಂದೆ ಪರಿಸರ ನಿಯಮಗಳು ಬಿಡಿಬಿಡಿ ಅಧಿಸೂಚನೆಗಳಲ್ಲಿ ಬದಲಾಗುತ್ತಲೇ ಹೋದವು.

ಹಾಗಾದರೆ ಬರೆಯುವುದು ಹೇಗೆ? ಆ ಕರಡಿನದ್ದೇ ಒಂದು ಅಂಶ ತಗೊಳ್ಳೋಣ. ಒಂದು ಯೋಜನೆಯ ಬಗ್ಗೆ ಸಾರ್ವಜನಿಕರು ಪ್ರತಿಕ್ರಿಯೆ ಕೊಡುವ ಅವಧಿಯನ್ನು 30 ದಿನದಿಂದ 20ಕ್ಕೆ ಇಳಿಸುವ ಪ್ರಸ್ತಾಪ ಅದರಲ್ಲಿತ್ತು. ‘ಇದು ಜನವಿರೋಧಿ, ತಕ್ಷಣ ಕೈಬಿಡಿ’ ಅಂತ ಬರೆದರೆ ಅದು ಒಂದು ಸಂಖ್ಯೆಯಾಗುತ್ತದೆ, ಅಷ್ಟೇ. ಅದರ ಬದಲು ಹೀಗೆ ಬರೆಯಿರಿ: ‘ಇಂಥ ಖಂಡದಲ್ಲಿ 20 ದಿನ ಎಂದಿದೆ. ನಮ್ಮ ತಾಲ್ಲೂಕಿನಲ್ಲಿ ಮಳೆಗಾಲದಲ್ಲಿ ರಸ್ತೆ, ಕರೆಂಟು, ನೆಟ್‌ವರ್ಕ್ ಒಟ್ಟಿಗೇ ಕೈಕೊಡುತ್ತವೆ. ನೋಟಿಸ್ ನಮಗೆ ತಲುಪುವಷ್ಟರಲ್ಲಿ ಅರ್ಧ ಅವಧಿ ಮುಗಿದಿರುತ್ತದೆ. ಆದ್ದರಿಂದ 30 ದಿನವೇ ಇರಲಿ, ನೋಟಿಸ್ ಕನ್ನಡದಲ್ಲಿ ಪಂಚಾಯಿತಿ ಕಚೇರಿಯಲ್ಲೂ ಹಾಕಬೇಕು.’ ಯಾವ ಖಂಡ, ಏನು ತೊಂದರೆ, ಯಾಕೆ, ಬದಲಿಗೆ ಏನು. ಅರ್ಧ ಪುಟ ಸಾಕು. ಫೈಲಿನಲ್ಲಿ ಇದಕ್ಕೆ ಉತ್ತರ ಬರೆಯದೆ ದಾಟಿ ಹೋಗುವುದು ಅಧಿಕಾರಿಗೆ ಸ್ವಲ್ಪ ಕಷ್ಟ.

ಕಳಿಸಿದ ಮೇಲೆ ಇಮೇಲ್ ಅಳಿಸಬೇಡಿ, ಸ್ವೀಕೃತಿ ಬಂದರೆ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಅಂತಿಮ ಅಧಿಸೂಚನೆ ಬಂದಾಗ ಅದರ ಪೀಠಿಕೆ ಓದಿ. ‘ಬಂದ ಆಕ್ಷೇಪಣೆಗಳನ್ನು ಪರಿಗಣಿಸಲಾಗಿದೆ’ ಎಂಬ ಒಂದು ಸಾಲು ಸಾಮಾನ್ಯವಾಗಿ ಅಲ್ಲಿರುತ್ತದೆ. ನಿಜವಾಗಿ ಪರಿಗಣಿಸಿದರಾ ಅಂತ ತಿಳಿಯಲು ಆರ್‌ಟಿಐ ಇದೆ, ಶುಲ್ಕ 10 ರೂಪಾಯಿ, ಆನ್‌ಲೈನ್‌ನಲ್ಲೇ ಹಾಕಬಹುದು. ಎಷ್ಟು ಆಕ್ಷೇಪಣೆ ಬಂದವು, ಅವುಗಳ ಸಾರಾಂಶದ ಪ್ರತಿ, ಅದರ ಮೇಲಿನ ಟಿಪ್ಪಣಿ ಹಾಳೆ (ಅಧಿಕಾರಿಗಳು ಫೈಲಿನಲ್ಲಿ ತಮ್ಮ ಅಭಿಪ್ರಾಯ ಬರೆಯುವ ಹಾಳೆ), ಈ ಮೂರನ್ನು ಕೇಳಿ. ಕರ್ನಾಟಕದ ಇಲಾಖೆಗಾದರೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು, 150 ಪದ ಮೀರಬಾರದು.