ಗ್ರಾಜುಯೇಟೆಡ್ ಲೇಬರ್: ಅಳೆದು ಕೊಟ್ಟ ದುಡಿಮೆ

ಮಂಡ್ಯ ಕಡೆಯ ಹಳಬರ ಬಾಯಲ್ಲಿ ಕ್ಷಯ ಅಂದರೆ ‘ಸ್ಯಾನಿಟೋರಿಯಂ’. ಮೈಸೂರಿನ ಕೆ.ಆರ್.ಎಸ್. ರಸ್ತೆಯ ಪಿ.ಕೆ.ಟಿ.ಬಿ. ಆಸ್ಪತ್ರೆ ಅದು. ಪಿ.ಕೆ. ಎಂದರೆ ಪ್ರಿನ್ಸೆಸ್ ಕೃಷ್ಣಾಜಮ್ಮಣ್ಣಿ, ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ. ಕ್ಷಯ ಅವರನ್ನೂ ಅವರ ಹೆಣ್ಣುಮಕ್ಕಳನ್ನೂ ಬಲಿ ತೆಗೆದುಕೊಂಡಿತು. 1921ರಲ್ಲಿ ಶುರುವಾದ ಆಸ್ಪತ್ರೆಗೆ ಅವರ ಹೆಸರಿಟ್ಟರು. ಅರಮನೆಯವರಿಗೇ ಔಷಧಿ ಸಿಗದ ಕಾಲ ಅದು.

ಔಷಧಿ ಇಲ್ಲದಾಗ ವೈದ್ಯರ ಕೈಯಲ್ಲಿ ಇದ್ದದ್ದು ಗಾಳಿ, ಬಿಸಿಲು, ಒಳ್ಳೆ ಊಟ, ವಿಶ್ರಾಂತಿ. ಯುರೋಪಿನ ಸ್ಯಾನಿಟೋರಿಯಂಗಳಲ್ಲಿ ರೋಗಿಗಳನ್ನು ತಿಂಗಳುಗಟ್ಟಲೆ ಜಗಲಿಯಲ್ಲಿ ಮಲಗಿಸುತ್ತಿದ್ದರು. ಇದಕ್ಕೆ ಬೇರೆ ದಾರಿ ತೋರಿಸಿದ್ದು ಇಂಗ್ಲೆಂಡಿನ ಫ್ರಿಮ್ಲಿ ಸ್ಯಾನಿಟೋರಿಯಂ. 1905ರಲ್ಲಿ ಅಲ್ಲಿಗೆ ಬಂದ ಡಾಕ್ಟರ್ ಮಾರ್ಕಸ್ ಪ್ಯಾಟರ್ಸನ್, ರೋಗಿಗೆ ದುಡಿಮೆಯನ್ನೇ ಮದ್ದಿನ ಹಾಗೆ ಅಳೆದು ಕೊಟ್ಟರು. ಅದೇ ‘ಗ್ರಾಜುಯೇಟೆಡ್ ಲೇಬರ್’. ನಮ್ಮ ಮಾತಲ್ಲಿ ಅಳತೆ ದುಡಿಮೆ ಅನ್ನಬಹುದು.

ಮೊದಲು ಹಾಸಿಗೆ. ಜ್ವರ ಇಳಿದ ಮೇಲೆ ನಡಿಗೆ, ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತಾ ದಿನಕ್ಕೆ ಹತ್ತು ಮೈಲಿವರೆಗೆ. ಅದನ್ನು ತಾಳಿಕೊಂಡವರಿಗೆ ಮಂಕರಿಯಲ್ಲಿ ಮಣ್ಣು ಹೊರುವ ಕೆಲಸ. ಆಮೇಲೆ ಸಣ್ಣ ಸಲಿಕೆ, ದೊಡ್ಡ ಸಲಿಕೆ, ಕೊನೆಗೆ ಪಿಕಾಸಿ. ಮೈ ಬಿಸಿಯಾದರೆ, ತಲೆ ನೋವು ಬಂದರೆ, ಊಟ ಸೇರದಿದ್ದರೆ ಕೆಲಸ ಬಂದ್. ಮತ್ತೆ ಹಾಸಿಗೆ. ಇಲ್ಲಿ ಮುಖ್ಯವಾದದ್ದು ಸಲಿಕೆಯಲ್ಲ, ಥರ್ಮಾಮೀಟರ್.

ಪ್ಯಾಟರ್ಸನ್ ಲೆಕ್ಕಾಚಾರ ಹೀಗಿತ್ತು: ದುಡಿದಾಗ ರೋಗಾಣುವಿನ ವಿಷ ಸ್ವಲ್ಪವೇ ರಕ್ತಕ್ಕೆ ಸೇರುತ್ತದೆ, ದೇಹ ಅದರ ವಿರುದ್ಧ ಶಕ್ತಿ ಕೂಡಿಸಿಕೊಳ್ಳುತ್ತದೆ. ಈ ವಿವರಣೆ ಮುಂದೆ ಉಳಿಯಲಿಲ್ಲ. ಆದರೆ ಅವರು ಕಂಡ ಇನ್ನೊಂದು ಕಷ್ಟ ನಿಜವಾದದ್ದು. ಕೂಲಿ ಮಾಡಿ ಬದುಕುವವರು ತಿಂಗಳುಗಟ್ಟಲೆ ಮಲಗಿ ಎದ್ದರೆ, ಊರಿಗೆ ಹೋಗಿ ದುಡಿಯುವ ತ್ರಾಣವೇ ಇರುತ್ತಿರಲಿಲ್ಲ.

‘ಹೊಲದಲ್ಲಿ ಮೈ ಬಗ್ಗಿಸಿದರೆ ಕಾಯಿಲೆ ತಾನೇ ಹೋಗುತ್ತೆ’ ಅಂತ ಇದನ್ನು ಓದಬಾರದು. ಹಾಗಿದ್ದರೆ ಇಡೀ ದಿನ ಬಯಲಲ್ಲೇ ಕಬ್ಬು ಕಡಿಯುವವರಿಗೆ ಟಿ.ಬಿ. ಬರಲೇಬಾರದಿತ್ತು, ಅಲ್ವಾ? ಸಾಲ ತೀರಿಸಲು, ಹೊಟ್ಟೆಗೆ ಸಾಲದ ಊಟದ ಮೇಲೆ ದುಡಿಯುವ ಮೈ ಇನ್ನೂ ಸೋಲುತ್ತದೆ. ಫ್ರಿಮ್ಲಿಯಲ್ಲಿ ಹೊಟ್ಟೆ ತುಂಬ ಊಟವಿತ್ತು, ಜಾಸ್ತಿಯಾದಾಗ ‘ಸಾಕು, ಮಲಗು’ ಎನ್ನುವವರಿದ್ದರು. ನಮ್ಮ ಕೂಲಿಯವರಿಗೆ ಹಾಗೆ ಹೇಳುವವರು ಯಾರು?

1940ರ ದಶಕದಲ್ಲಿ ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಎಂಬ ಔಷಧಿ ಬಂತು. ಆಮೇಲೆ ಮದ್ರಾಸಿನಲ್ಲಿ ನಡೆದು 1959ರಲ್ಲಿ ಪ್ರಕಟವಾದ ಅಧ್ಯಯನ ದೊಡ್ಡ ವಿಷಯವನ್ನೇ ತೋರಿಸಿತು. ಇಕ್ಕಟ್ಟಿನ ಮನೆಯಲ್ಲಿದ್ದು, ಸಾಧಾರಣ ಊಟ ಮಾಡಿ, ಮಾತ್ರೆ ತೆಗೆದುಕೊಂಡ ಬಡ ರೋಗಿಗಳೂ, ಅದೇ ಮಾತ್ರೆ ತೆಗೆದುಕೊಂಡು ಸ್ಯಾನಿಟೋರಿಯಂನಲ್ಲಿ ಇದ್ದವರಷ್ಟೇ ಹೆಚ್ಚುಕಡಿಮೆ ಚೆನ್ನಾಗಿ ಗುಣವಾದರು. ಗುಣ ಮಾಡುತ್ತಿದ್ದದ್ದು ಮಾತ್ರೆ.

ಗಾಳಿಯ ಮಾತು ಮಾತ್ರ ಸುಳ್ಳಾಗಲಿಲ್ಲ. ಅದು ರೋಗಿಯನ್ನು ಗುಣ ಮಾಡುವುದಿಲ್ಲ, ಕೆಮ್ಮಿನಿಂದ ಹಾರಿದ ರೋಗಾಣುವನ್ನು ಚದುರಿಸಿ ಪಕ್ಕದವರನ್ನು ಕಾಯುತ್ತದೆ. ಮನೆಯಲ್ಲಿ ಯಾರಿಗಾದರೂ ಈಗಷ್ಟೇ ಮಾತ್ರೆ ಶುರುವಾಗಿದ್ದರೆ, ಅವರು ಮಲಗುವ ಕೋಣೆಯ ಕಿಟಕಿ ತೆಗೆದಿಡಿ.